ಬೆಳಗಾವಿ–ಸ್ಯಾನ್ ಫ್ರಾನ್ಸಿಸ್ಕೋ: ಖರೇ ಅಂತರ ಎಷ್ಟು, ಮನಿಯಿಂದ ಮನಿಗೆ ಎಷ್ಟು ತಾಸು?

ಟಿಳಕವಾಡಿ_ಮೂರನೇ_ಗೇಟ್

ಎಲ್ಲಾರಿಗೂ ನಮಸ್ಕಾರ. ಅಪ್ಪ-ಅವ್ವ ಜನವರಿ ಎರಡನೇ ವಾರ ಸ್ಯಾನ್ ಫ್ರಾನ್ಸಿಸ್ಕೋಕ್ಕ ಹೊಂಟಾರ, ಟಿಕೆಟ್ ಇನ್ನೂ ತಗಸಿಲ್ಲ. ಹುಡುಕಿದಷ್ಟೂ ಗೊಂದಲ ಜಾಸ್ತಿ ಆಗಾಕತ್ತೈತಿ. ತಿಳದವ್ರು ಹೇಳ್ರಿ.

ಒಂದು, ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಅಂತರ ಒಂದ್ ಕಡೆ 13,990 ಅಂತೈತಿ, ಇನ್ನೊಂದ್ ಕಡೆ 8,690, ಮತ್ತೊಂದ್ ಕಡೆ 7,550. ಯಾವುದು ಖರೇ?

ಎರಡು, ಬೆಳಗಾವಿಯಿಂದ ದೆಹಲಿಗೆ ಹೋಗಿ ಅಲ್ಲಿಂದ ಹೋಗ್ರಿ ಅಂತ ಏಜೆಂಟ್ ಹೇಳ್ತಾನ. ಅಮೇರಿಕಾ ಪಡುವಣಕ್ಕ ಐತಿ, ದೆಹಲಿ ಬಡಗಣಕ್ಕ. 1,400 ಕಿ.ಮೀ. ಸುಮ್ನ ಸುತ್ತು ಬಿದ್ದಂಗ ಆಗಂಗಿಲ್ಲೇನು? ಬೆಂಗಳೂರು, ಮುಂಬೈ ಬಿಟ್ಟು ಅಲ್ಲಿಗ್ಯಾಕ?

ಮೂರು, ಹೋಗೂವಾಗ ಬೆಳಗಿನ ಜಾವ 4ಕ್ಕ ಬಿಟ್ಟು ಅದೇ ದಿನ ಬೆಳಿಗ್ಗೆ 6ಕ್ಕ ಮುಟ್ಟತೈತಿ ಅಂತ ತೋರಸ್ತೈತಿ. ಬರೂವಾಗ ಬಿಟ್ಟ ದಿನ ಹಿಡದು ಮೂರನೇ ದಿನಕ್ಕ ಮುಟ್ಟೂದು. ಖುರ್ಚಿ ಮ್ಯಾಲೆ ಕೂಡೂದು ಎಷ್ಟು ತಾಸು, ಅದನ್ನ ಮೊದಲ ಹೇಳ್ರಿ.

ನಕಾಶೆ_ಮಾಸ್ತರ

ನಿಮ್ಮ ಮೂರೂ ಸಂಖ್ಯೆ ಖರೇನೇ. ಮೊದಲನೆಯದು ಕಿಲೋಮೀಟರ್, ಎರಡನೆಯದು ನಾವು ಸಾಧಾರಣವಾಗಿ ಹೇಳುವ ಮೈಲು (1.609 ಕಿ.ಮೀ.), ಮೂರನೆಯದು ನಾಟಿಕಲ್ ಮೈಲು (1.852 ಕಿ.ಮೀ.). ವಿಮಾನದವರು ಲೆಕ್ಕ ಇಡುವುದು ಈ ಮೂರನೆಯದರಲ್ಲಿ. ಎರಡು ಸೈಟುಗಳು ಕಿಲೋಮೀಟರಿನಲ್ಲೇ ಹೇಳಿಯೂ ಇಪ್ಪತ್ತು ಮೂವತ್ತು ಕಿ.ಮೀ. ಹೆಚ್ಚುಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಒಬ್ಬರು ಭೂಮಿ ಪೂರ್ತಿ ದುಂಡಗೆ ಅಂತ ಹಿಡಿದಿರುತ್ತಾರೆ, ಇನ್ನೊಬ್ಬರು ಧ್ರುವಗಳಲ್ಲಿ ತುಸು ಚಪ್ಪಟೆ ಅಂತ ಹಿಡಿದಿರುತ್ತಾರೆ.

ದೆಹಲಿ ಪ್ರಶ್ನೆಗೆ ಬರೋಣ. ಗೋಡೆಗೆ ತೂಗುಹಾಕುವ ನಕಾಶೆ ನೋಡಿ ದಿಕ್ಕು ಹಿಡಿದರೆ ಮೋಸ ಹೋಗುತ್ತೀರಿ. ದುಂಡನೆಯ ಮೇಲ್ಮೈಯನ್ನು ಹರಡಿ ಚಪ್ಪಟೆ ಮಾಡಿದಾಗ ಉತ್ತರದ ಭಾಗ ಎಳೆದ ಹಿಟ್ಟಿನ ಹಾಗೆ ಅಗಲ ಆಗಿರುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಬೆಳಗಾವಿಯಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರ ಅರಬ್ಬಿ ಸಮುದ್ರದ ಕಡೆ ಹೋಗುವುದೇ ಇಲ್ಲ. ನೇರ ಉತ್ತರಕ್ಕೆ, ಬರೀ 16 ಡಿಗ್ರಿ ಪೂರ್ವಕ್ಕೆ ವಾಲಿ ಹೋಗುತ್ತದೆ.

ಕ್ಯಾಲ್ಕ್ಯುಲೇಟರ್‌ನಲ್ಲಿ ನೀವೇ ಮಾಡಿ ನೋಡಬಹುದು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ 15.86 ಉತ್ತರ, 74.62 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ 37.62 ಉತ್ತರ, 122.38 ಪಶ್ಚಿಮ. ಪಶ್ಚಿಮ ಅಂದರೆ ಮೈನಸ್, ಹಾಗಾಗಿ ರೇಖಾಂಶದ ವ್ಯತ್ಯಾಸ 74.62 + 122.38 = 197 ಡಿಗ್ರಿ.

ಸೈನ್ 15.86 × ಸೈನ್ 37.62 = 0.1668
ಕಾಸ್ 15.86 × ಕಾಸ್ 37.62 × ಕಾಸ್ 197 = −0.7286
ಎರಡೂ ಕೂಡಿದರೆ −0.5618
ಇದರ ವಿಲೋಮ ಕಾಸ್ 124.18 ಡಿಗ್ರಿ
ಒಂದು ಡಿಗ್ರಿಗೆ 111.195 ಕಿ.ಮೀ. ಹಿಡಿದರೆ 13,809 ಕಿ.ಮೀ.

ತಪ್ಪಾಗುವುದು ಮೂರು ಕಡೆ. ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿ ಇದ್ದರೆ ಉತ್ತರ ಅರ್ಥವಿಲ್ಲದ್ದು ಬರುತ್ತದೆ (ಎಕ್ಸೆಲ್ ಯಾವಾಗಲೂ ರೇಡಿಯನ್ನೇ ಕೇಳುತ್ತದೆ, ಮೊದಲು ಪರಿವರ್ತಿಸಬೇಕು). 15 ಡಿಗ್ರಿ 52 ನಿಮಿಷ ಅಂತ ಇರುವುದನ್ನು 15.52 ಅಂತ ಹೊಡೆಯುತ್ತಾರೆ. 52ನ್ನು 60ರಿಂದ ಭಾಗಿಸಿ 15.87 ಮಾಡಬೇಕು. ಮೂರನೆಯದು ಪಶ್ಚಿಮದ ಮೈನಸ್ ಮರೆಯುವುದು. ಆಗ 5,250 ಕಿ.ಮೀ. ಬರುತ್ತದೆ, ನೀವು ಹೋಗಿ ಇಳಿಯುವುದು ಚೀನಾದ ಶಾನ್‌ಡಾಂಗ್ ಕರಾವಳಿಯ ಪಕ್ಕದ ಸಮುದ್ರದಲ್ಲಿ.

ಈಗ ಇದೇ ಸೂತ್ರದಲ್ಲಿ ಒಂದೊಂದೇ ದಾರಿ ಹಾಕಿ ನೋಡಿ. ಬೆಳಗಾವಿ–ದೆಹಲಿ 1,436, ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ 12,381, ಕೂಡಿದರೆ 13,817. ನೇರ ಗೆರೆಗಿಂತ ಎಂಟೇ ಕಿ.ಮೀ. ಹೆಚ್ಚು! ಯಾಕೆಂದರೆ ಆ ದಾರ ಹಾಯುವುದೇ ದೆಹಲಿಯಿಂದ ಸುಮಾರು 170 ಕಿ.ಮೀ. ಪೂರ್ವಕ್ಕೆ. ಮುಂಬೈ ಮೇಲೆ ಹೋದರೆ 404 + 13,511 = 13,915. ಬೆಂಗಳೂರಿನ ಮೇಲೆ 445 + 13,988 = 14,433, ಅಂದರೆ ಮೊದಲು ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಹೊರಟ ಹಾಗೆ. ಬೆಂಗಳೂರಿನಿಂದ ದುಬೈ ಮೇಲೆ ಹೋದರೆ ಬೆಂಗಳೂರಿನಿಂದಲೇ 15,715, ಫ್ರಾಂಕ್‌ಫರ್ಟ್ ಮೇಲೆ 16,550, ಸಿಂಗಾಪುರದ ಮೇಲೆ 16,760. ದೂರದ ಲೆಕ್ಕದಲ್ಲಿ ನಿಮ್ಮ ಏಜೆಂಟ್ ಹೇಳಿದ್ದು ಸರಿ. ಸಮಯದ ಲೆಕ್ಕ ಬೇರೆ.

ಘಟಪ್ರಭಾ_ದಂಡಿ (ಬಾಗಲಕೋಟಿ)

ಮಾಸ್ತರ ದೂರ ಹೇಳ್ಯಾರ, ನಾ ತಾಸು ಹೇಳ್ತೀನಿ.

ಟಿಕೆಟ್ ಮ್ಯಾಲೆ ಇರೂ ವೇಳೆ ಆಯಾ ಊರಿನ ಗಡಿಯಾರದ್ದು. ಒಂದರಾಗ ಇನ್ನೊಂದು ಕಳದ್ರ ಏನೂ ತಿಳಿಯಂಗಿಲ್ಲ. ಎರಡೂ ಗ್ರೀನಿಚ್ ವೇಳೆಗೆ ತರಬೇಕು. ನಮ್ಮದು ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದ, ಕ್ಯಾಲಿಫೋರ್ನಿಯಾ ಚಳಿಗಾಲದಾಗ 8 ತಾಸು ಹಿಂದ. ಕೂಡಿಸಿದ್ರ ಹದಿಮೂರೂವರೆ.

ನಿಮ್ಮ ಉದಾಹರಣೆನೇ ತಗೋರಿ. ಜನವರಿ 10, ದೆಹಲಿ ಬೆಳಗಿನ 4 ಅಂದ್ರ ಗ್ರೀನಿಚ್‌ನ್ಯಾಗ 9ನೇ ತಾರೀಖು ರಾತ್ರಿ 10:30. ಅಲ್ಲಿ ಮುಟ್ಟೂದು 10ನೇ ತಾರೀಖು ಬೆಳಿಗ್ಗೆ 6, ಅಂದ್ರ ಗ್ರೀನಿಚ್‌ನ್ಯಾಗ ಮಧ್ಯಾಹ್ನ 2. ನಡುವ ಹದಿನೈದೂವರೆ ತಾಸು. ಅಷ್ಟೂ ಹೊತ್ತು ಖುರ್ಚಿ ಮ್ಯಾಲೆ. ಎರಡು ತಾಸು ಅಲ್ಲ.

ಬ್ಯಾಸಿಗ್ಯಾಗ ಈ ಲೆಕ್ಕ ತಪ್ಪತೈತಿ. ಅಮೇರಿಕಾದವ್ರು ಮಾರ್ಚ್ ಎರಡನೇ ರವಿವಾರ ಗಡಿಯಾರ ಒಂದು ತಾಸು ಮುಂದ ಮಾಡ್ತಾರ, ನವೆಂಬರ್ ಮೊದಲನೇ ರವಿವಾರ ಹಿಂದ ತರ್ತಾರ. 2026ರಾಗ ಅದು ಮಾರ್ಚ್ 8 ಮತ್ತ ನವೆಂಬರ್ 1. ಆ ನಡುವಿನ ದಿನಗಳಾಗ ಅಂತರ ಹನ್ನೆರಡೂವರೆ ತಾಸು. ಜನವರಿಗೆ ಹೋಗಿ ಏಪ್ರಿಲ್‌ಗೆ ಬರವ್ರು ಎರಡೂ ಸಲ ಬ್ಯಾರೆ ಬ್ಯಾರೆ ಲೆಕ್ಕ ಹಾಕಬೇಕು.

ಇನ್ನ ಹೋಗೂದು ಬ್ಯಾಗ, ಬರೂದು ತಡ ಯಾಕ? ಗಾಳಿ. ನಮ್ಮ ಕಡೆಯಿಂದ ಪೂರ್ವಕ್ಕ ಹೋಗಿ ಅಲ್ಲಿ ಮುಟ್ಟೂದು, ಮ್ಯಾಲಿನ ಗಾಳಿನೂ ಪಶ್ಚಿಮದಿಂದ ಪೂರ್ವಕ್ಕ ಬೀಸತೈತಿ. ಹತ್ತು-ಹನ್ನೊಂದು ಕಿ.ಮೀ. ಎತ್ತರದಾಗ ಜೆಟ್ ಸ್ಟ್ರೀಮ್ ಅಂತ ಗಾಳಿ ಹೊಳಿ ಐತಿ. ಚಳಿಗಾಲದಾಗ ಜಪಾನ್ ಮ್ಯಾಲೆ ಅದರ ವೇಗ ತಾಸಿಗೆ 300 ಕಿ.ಮೀ. ದಾಟೂದು ಅಪರೂಪ ಅಲ್ಲ. ದೊಡ್ಡ ವಿಮಾನ ಗಾಳಿಯೊಳಗ ಹಾರೂದು ತಾಸಿಗೆ ಸುಮಾರು 900 ಕಿ.ಮೀ. ಸರಾಸರಿ 50 ಕಿ.ಮೀ. ಗಾಳಿ ಬೆನ್ನಿಗಿದ್ರ 14,000 ಕಿ.ಮೀ.ಗೆ 14 ತಾಸು 44 ನಿಮಿಷ, ಎದುರಿಗಿದ್ರ 16 ತಾಸು 28 ನಿಮಿಷ. ಬರೇ ಐವತ್ತಕ್ಕ ಹತ್ತಿರಹತ್ತಿರ ಒಂದೂಮುಕ್ಕಾಲು ತಾಸಿನ ಫರಕ.

ಅಂದಾಜು ಬೇಕಿದ್ರ ಹಿಂಗ ಮಾಡ್ರಿ: ದೂರಕ್ಕ ನೂರಕ್ಕ ಐದರಷ್ಟು ಕೂಡಸ್ರಿ, ಯಾಕಂದ್ರ ಯಾವ ವಿಮಾನನೂ ಗೆರಿ ಹೊಡದಂಗ ಹಾರಂಗಿಲ್ಲ. ಅದನ್ನ 900ರಿಂದ ಭಾಗಸ್ರಿ. ಗೇಟ್‌ನಿಂದ ರನ್‌ವೇ, ರನ್‌ವೇಯಿಂದ ಗೇಟ್ ಅಂತ ಅರ್ಧ ತಾಸು ಹಾಕ್ರಿ. ಗಾಳಿ ನೋಡಿ ಒಂದು ತಾಸು ಆ ಕಡೆ ಈ ಕಡೆ. ಸೈಟಿನವ್ರು ಕೊಡೂ “ಪ್ರಯಾಣದ ಅವಧಿ” ಬರೇ ಭಾಗಾಕಾರ, ಟಿಕೆಟ್ ಮ್ಯಾಲಿಂದು ಗೇಟ್‌ನಿಂದ ಗೇಟ್‌ಗೆ. ಎರಡಕ್ಕೂ ತಾಳ ಕೂಡಂಗಿಲ್ಲ.

ಟಿಳಕವಾಡಿ_ಮೂರನೇ_ಗೇಟ್

ಭಾಳ ಛಲೋ ತಿಳೀತು. ಆದ್ರ ಒಂದು ಸಂಶಯ. ದಾರ ಉತ್ತರಕ್ಕ ಹೋಗತೈತಿ ಅಂದ್ರಿ. ವಿಮಾನ ತೋರಸೂ ಆ್ಯಪ್‌ನ್ಯಾಗ ನೋಡಿದ್ರ ಕೆಲವು ಜಪಾನ್ ಕಡೆ ಹೊಂಟಿರ್ತಾವ. ಅದ್ಯಾಕ?

ಗೋಳಗುಮ್ಮಟ_ಪಿಸುಮಾತು (ವಿಜಯಪುರ)

ಆ ದಾರ ಎಲ್ಲೆಲ್ಲಿ ಹಾಯ್ತದ ನೋಡ್ರಿ, ಉತ್ತರ ಅಲ್ಲೇ ಅದ. ಬೆಂಗಳೂರಿನ ಗೆರಿ ತಗೊಂಡ್ರ ಛತ್ತೀಸಗಡ, ನೇಪಾಳ, ಟಿಬೆಟ್, ಷಿನ್‌ಜಿಯಾಂಗ್, ಬೈಕಲ್ ಸರೋವರದ ಉತ್ತರಕ್ಕ ಸೈಬೀರಿಯಾ, ಯಾಕುಟಿಯಾ, 71 ಡಿಗ್ರಿ ಉತ್ತರದಾಗ ಪೂರ್ವ ಸೈಬೀರಿಯನ್ ಸಮುದ್ರ, ಆಮ್ಯಾಲೆ ಅಲಾಸ್ಕಾ, ಅಲ್ಲಿಂದ ಕೆಳಗ ಕ್ಯಾಲಿಫೋರ್ನಿಯಾ. ದೆಹಲಿ ಗೆರಿ ಇನ್ನೂ ಉತ್ತರಕ್ಕ. ಕಾಗದದ ಮ್ಯಾಲೆ ಇದು ಎಲ್ಲಕಿಂತ ಸಣ್ಣ ದಾರಿ. ಹಾರಾಕ ಹೋದ್ರ ಒಂದರ ಹಿಂದ ಒಂದು ಅಡ್ಡಿ.

ಮೊದಲನೇದು ಟಿಬೆಟ್. ವಿಮಾನದ ಒಳಗಿನ ಗಾಳಿ ಒತ್ತಡ ಹೋದ್ರ ಮುಖವಾಡ ಬೀಳ್ತಾವಲ್ಲ, ಅವುಗಳ ಆಮ್ಲಜನಕ ಸುಮಾರು 12ರಿಂದ 22 ನಿಮಿಷ ಬರ್ತದ. ಅಷ್ಟರೊಳಗ ಪೈಲಟ್ 10,000 ಅಡಿಗೆ, ಅಂದ್ರ 3,000 ಮೀಟರಿಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲಾನೇ ಸರಾಸರಿ 4,500 ಮೀಟರ್ ಮ್ಯಾಲೆ ಅದ. ಇಳಿಯೋದು ಎಲ್ಲಿಗೆ? ಅದಕ್ಕೇ ಬಹಳಷ್ಟು ವಿಮಾನ ಅದರ ನಡುಮಧ್ಯೆ ಹೋಗೋದಿಲ್ಲ, ಪೂರ್ವಕ್ಕ ಅಥವಾ ಪಶ್ಚಿಮಕ್ಕ ಸುತ್ತಿ ಹೋಗ್ತಾವ.

ಎರಡನೇದು ಯಾರ ಆಕಾಶ ತೆರದದ, ಯಾರದು ಮುಚ್ಚದ ಅನ್ನೋದು. 2022ರ ಯುದ್ಧದ ಮ್ಯಾಲೆ ಅಮೇರಿಕಾ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಬಂದ್ ಆಯ್ತು. ಭಾರತದ ಕಂಪನಿಗೆ ಆ ಅಡ್ಡಿ ಇಲ್ಲ. 2025ರ ಏಪ್ರಿಲ್‌ನಾಗ ಪಾಕಿಸ್ತಾನ ತನ್ನ ಆಕಾಶ ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಡುವಣಕ್ಕ ಹೋಗೋವು ಸುತ್ತು ಹೊಡದು, ಕೆಲವು ಯುರೋಪಿನಾಗ ಇಳದು ಇಂಧನ ತುಂಬಿಸಿಕೊಂಡು ಹೋಗಬೇಕಾಯ್ತು. ಅಂತರ ಒಂದ್ ಮೀಟರೂ ಬದಲಾಗಲಿಲ್ಲ, ತಾಸು ಬದಲಾಯ್ತು.

ಮೂರನೇದೇ ನಿಮ್ಮ ಜಪಾನ್. ಚಳಿಗಾಲದಾಗ ಬೆನ್ನಗಾಳಿ ಹಿಡಿಲಿಕ್ಕೆ ನೂರಾರು ಕಿ.ಮೀ. ದಕ್ಷಿಣಕ್ಕ ಸರಿದು ಹೋದ್ರೂ ಲಾಭನೇ. ಘಟಪ್ರಭಾ ಅಣ್ಣಾರ ಹೇಳಿದ ಗಾಳಿ ಹೊಳಿಯೊಳಗ ಇಳದ್ರ ಸುತ್ತಿನ ನಷ್ಟ ತುಂಬಿ ಮ್ಯಾಲೆ ಉಳೀತದ. ಬರೋವಾಗ ಅದೇ ಹೊಳಿ ಎದುರಿಗೆ. ಆಗ ಅದನ್ನ ತಪ್ಪಿಸಿ ಉತ್ತರಕ್ಕ ಹೋಗೋದು ಜಾಣತನ.

ಧ್ರುವದ ಮ್ಯಾಲೇ ಹಾಯೋದೂ ಅದ. ಬೆಂಗಳೂರಿನ ಲೆಕ್ಕ: ಧ್ರುವದ ತನಕ 76.8 ಡಿಗ್ರಿ, ಅಲ್ಲಿಂದ ಕೆಳಗ 52.38 ಡಿಗ್ರಿ, ಕೂಡಿ 129.18, ಅಂದ್ರ 14,364 ಕಿ.ಮೀ. ಅತೀ ಸಣ್ಣ ದಾರಿಗಿಂತ 376 ಕಿ.ಮೀ. ಅಷ್ಟೇ ಹೆಚ್ಚು. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನ ಹಂಗೇ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಪೈಲಟ್‌ಗಳೆಲ್ಲಾ ಹೆಣ್ಣುಮಕ್ಕಳು, ಸುಮಾರು 17 ತಾಸು. ಅಲ್ಲಿ ತೊಂದರಿ ಥಂಡಿ. ಜೆಟ್ ಎ ಅನ್ನೋ ಇಂಧನ ಮೈನಸ್ 40ಕ್ಕ, ಜೆಟ್ ಎ-1 ಮೈನಸ್ 47ಕ್ಕ ಗಟ್ಟಿ ಆಗಲಿಕ್ಕೆ ಹತ್ತತದ. ಟ್ಯಾಂಕಿನ ಉಷ್ಣತೆ ನೋಡಕೋತ, ಬೇಕಾದ್ರ ಕೆಳಗ ಇಳದು ಇಲ್ಲಾ ವೇಗ ಹೆಚ್ಚು ಮಾಡಿ ಹೋಗ್ತಾರ. ನಡುವ ಇಳಿಲಿಕ್ಕೆ ಊರೂ ಕಡಿಮಿ. 2023ರ ಜೂನ್‌ನಾಗ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಒಂದು ಎಂಜಿನ್ ದೋಷದಿಂದ ರಷ್ಯಾದ ಮಗದಾನ್‌ನಾಗ ಇಳದಿದ್ದು ಪೇಪರಿನಾಗ ಓದಿರಬೇಕು.

ಅದಕ್ಕ ಹಾರೋ ದಾರಿ ದಿನಾ ಬದಲಾಗ್ತದ. ನಿನ್ನಿನ ಆ್ಯಪ್ ಗೆರಿ ನೋಡಿ ನಾಳಿಂದು ಹೇಳಲಿಕ್ಕೆ ಬರೋದಿಲ್ಲ.

ಖಡೇಬಜಾರ್_ಕಟ್ಟೆ

ಇಷ್ಟೆಲ್ಲಾ ಯಾಕ? ಗಾಡಿ ಮಾಡಕೊಂಡು ಸೀದಾ ಮುಂಬೈಗೆ ಹೋಗ್ರಿ. ರಾತ್ರಿ ಬಿಟ್ರ ಬೆಳಿಗ್ಗೆ ಮುಟ್ಟತೀರಿ. ಅಲ್ಲಿಂದ ವಿಮಾನ ಬೇಕಾದಷ್ಟು, ಕನೆಕ್ಷನ್ ತಪ್ಪೂ ಭಯಾನೂ ಇಲ್ಲ.

ಸಾಂಬ್ರಾ_ಗೇಟ್

ವಯಸ್ಸಾದವರಿಗೆ ಅದು ಸರಿ ಬರುವುದಿಲ್ಲ ಕಟ್ಟೆಯವರೇ. ಕೊಲ್ಹಾಪುರ, ಪುಣೆ ದಾಟಿ ಹೆಚ್ಚೂಕಡಿಮೆ 490 ಕಿ.ಮೀ., ಘಾಟ್ ಮತ್ತು ಮುಂಬೈ ಟ್ರಾಫಿಕ್ ಸೇರಿ ಒಂಬತ್ತು-ಹತ್ತು ತಾಸು. ಅದಾದ ಮೇಲೆ ನಾಲ್ಕು ತಾಸು ಕಾಯುವುದು, ಅದಾದ ಮೇಲೆ ಹದಿನೈದು-ಹದಿನಾರು ತಾಸು ಕೂತಲ್ಲೇ. ಕಾಲು ಊದಿಕೊಳ್ಳುತ್ತವೆ. ಹರೆಯದವರಿಗೆ, ಸಾಮಾನು ಹೆಚ್ಚಿದ್ದವರಿಗೆ ಮಾತ್ರ ಮುಂಬೈ ರಸ್ತೆ.

ಟಿಳಕವಾಡಿಯವರೇ, ಟಿಕೆಟ್ ತೆಗೆಸುವ ಮೊದಲು ನೋಡಬೇಕಾದ್ದು ಕಿಲೋಮೀಟರ್ ಅಲ್ಲ. ಬೆಳಗಾವಿ–ದೆಹಲಿಯೂ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋವೂ ಒಂದೇ ಪಿಎನ್‌ಆರ್‌ನಲ್ಲಿ ಇವೆಯೋ ಇಲ್ಲವೋ, ಅದನ್ನು ನೋಡಿ. ಒಂದೇ ಪಿಎನ್‌ಆರ್ ಇದ್ದು ಮೊದಲ ವಿಮಾನ ತಡವಾದರೆ ಮುಂದಿನದರಲ್ಲಿ ಕೂರಿಸುವುದು ಅವರ ಜವಾಬ್ದಾರಿ. ಬೇರೆ ಬೇರೆ ಇದ್ದರೆ ದೊಡ್ಡ ಟಿಕೆಟ್ ಹೋದಂತೆಯೇ, ಯಾರೂ ಕೇಳುವವರಿಲ್ಲ. ಅಗ್ಗಕ್ಕೆ ಸಿಗುವುದು ಬಹುತೇಕ ಬೇರೆ ಬೇರೆ ಟಿಕೆಟ್ಟೇ.

ಬೇರೆ ಟಿಕೆಟ್‌ನಲ್ಲಿ ಇನ್ನೊಂದು ಪೇಚು ತೂಕ. ಅಮೇರಿಕಾ ಟಿಕೆಟ್‌ಗೆ ಸಾಮಾನ್ಯವಾಗಿ 23 ಕಿಲೋದ ಎರಡು ಬ್ಯಾಗ್ ಬಿಡುತ್ತಾರೆ, ಒಳನಾಡಿನ ವಿಮಾನದಲ್ಲಿ ತಲೆಗೆ 15 ಕಿಲೋ. ಇಬ್ಬರಿಗೂ ಸೇರಿ 62 ಕಿಲೋ ಹೆಚ್ಚುವರಿ, ಸಾಂಬ್ರಾ ಕೌಂಟರ್‌ನಲ್ಲಿ ಅದಕ್ಕೆ ಕಿಲೋ ಲೆಕ್ಕದಲ್ಲಿ ಹಣ. ಆನ್‌ಲೈನ್‌ನಲ್ಲಿ ಮುಂಚೆ ತೆಗೆದುಕೊಂಡರೆ ಕಡಿಮೆ ಬೀಳುತ್ತದೆ. ಸಣ್ಣ ಎಟಿಆರ್ ವಿಮಾನ ಆಗಿದ್ದರೆ ತಲೆ ಮೇಲಿನ ಕಪಾಟಿನಲ್ಲಿ ದೊಡ್ಡ ಟ್ರಾಲಿ ಹಿಡಿಯುವುದೂ ಇಲ್ಲ.

ದೆಹಲಿಯಲ್ಲಿ ಯಾವ ಟರ್ಮಿನಲ್ ಅಂತ ಟಿಕೆಟ್ ಮೇಲೆ ಓದಿಕೊಳ್ಳಿ. ಅಂತರರಾಷ್ಟ್ರೀಯ ವಿಮಾನ ಟರ್ಮಿನಲ್ 3ರಿಂದ. ನೀವು ಇಳಿಯುವುದು ಟರ್ಮಿನಲ್ 1 ಆಗಿದ್ದರೆ ಎರಡರ ನಡುವೆ ಏಳೆಂಟು ಕಿ.ಮೀ. ರಸ್ತೆ, ಬಸ್ಸು ಹಿಡಿಯಬೇಕು. ಟರ್ಮಿನಲ್ 2 ಆದರೆ ಪಕ್ಕದಲ್ಲೇ, ನಡೆದು ಹೋಗಬಹುದು. ಜನವರಿಯಲ್ಲಿ ದೆಹಲಿಯ ಮಂಜನ್ನೂ ಲೆಕ್ಕಕ್ಕೆ ಹಿಡಿಯಿರಿ: ಬೆಳಗಿನ ವಿಮಾನಗಳು ತಾಸುಗಟ್ಟಲೆ ತಡ. ಒಂದೇ ಪಿಎನ್‌ಆರ್ ಇದ್ದರೂ ಐದು ತಾಸು ಬಿಡಿ, ಬೇರೆ ಇದ್ದರೆ ಒಂಬತ್ತಕ್ಕೆ ಕಡಿಮೆ ಬೇಡ. ಈ ಮಂಜಿನ ಕಾರಣಕ್ಕೆ ಜನವರಿಯಲ್ಲಿ ಮಾತ್ರ ನಾನು ಬೆಂಗಳೂರಿಗೆ ಮತ ಹಾಕುತ್ತೇನೆ, ಆರುನೂರು ಕಿ.ಮೀ. ಹೆಚ್ಚಾದರೂ. ಅಲ್ಲಿ ಟರ್ಮಿನಲ್ 1ರಲ್ಲಿ ಇಳಿದರೂ ಟರ್ಮಿನಲ್ 2 ಅದೇ ಆವರಣದಲ್ಲಿದೆ. ಬೆಂಗಳೂರಿನಿಂದ ಆ ತಿಂಗಳು ನೇರ ವಿಮಾನ ಇದೆಯೇ ಅಂತ ಮೊದಲು ನೋಡಿ. ಋತುವಿಗೊಮ್ಮೆ ವೇಳಾಪಟ್ಟಿ ಬದಲಾಗುತ್ತದೆ.

ಮನೆಯಿಂದ ಮನೆಗೆ ಅಂದಿರಲ್ಲ, ದೆಹಲಿ ದಾರಿಯ ಲೆಕ್ಕ ಇದು. ಬೆಳಗಾವಿ ವಿಮಾನ ಸಂಜೆ 4ಕ್ಕೆ ಅಂತ ಹಿಡಿಯೋಣ. ಮನೆ ಬಿಡುವುದು ಮಧ್ಯಾಹ್ನ 1:45. ದೆಹಲಿ ಆರೂವರೆಗೆ. ಅಲ್ಲಿ ಬೆಳಗಿನ 4ರ ತನಕ ಕಾಯುವುದು. ಹದಿನೈದೂವರೆ ತಾಸು ಹಾರಿ ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್‌ಗೆ ಎರಡು ತಾಸು. ಹೊರಗೆ ಬರುವಷ್ಟರಲ್ಲಿ ಹತ್ತಿರಹತ್ತಿರ 32 ತಾಸು. ಅದರಲ್ಲಿ ಆಕಾಶದಲ್ಲಿ 18, ಉಳಿದ ಹದಿಮೂರು-ಹದಿನಾಲ್ಕು ನೆಲದ ಮೇಲೆ.

ವ್ಹೀಲ್‌ಚೇರ್ ಟಿಕೆಟ್ ತೆಗೆಸುವಾಗಲೇ ಬರೆಸಿ, ಹಣ ಇಲ್ಲ. ಬಿಪಿ, ಶುಗರ್ ಮಾತ್ರೆ ಚೀಟಿ ಸಮೇತ ಕೈಚೀಲದಲ್ಲಿ ಇರಲಿ. ಹದಿಮೂರೂವರೆ ತಾಸು ಗಡಿಯಾರ ತಿರುಗುವುದರಿಂದ ಯಾವ ಮಾತ್ರೆ ಯಾವಾಗ ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋಗಲಿ. ಶೇಂಗಾ ಚಟ್ನಿಪುಡಿ ಮಾತ್ರ ಕೈಚೀಲದಲ್ಲಿ ಬೇಡ. ಅಮೇರಿಕಾಕ್ಕೆ ಹೋಗುವ ವಿಮಾನದಲ್ಲಿ 350 ಮಿ.ಲೀ.ಗಿಂತ ಹೆಚ್ಚು ಪುಡಿ ಇದ್ದರೆ ಬಿಚ್ಚಿಸಿ ನೋಡುತ್ತಾರೆ, ತೆಗೆದೂ ಬಿಡಬಹುದು. ದೊಡ್ಡ ಬ್ಯಾಗಿಗೆ ಹಾಕಿ. ಕರದಂಟು, ಕುಂದಾ ಏನೇ ಒಯ್ದರೂ ತಿನ್ನುವ ಸಾಮಾನು ಇದೆ ಅಂತ ಅಲ್ಲಿ ಕೇಳಿದಾಗ ಒಪ್ಪಿಕೊಳ್ಳಬೇಕು. ಹೇಳಿದರೆ ಹೆಚ್ಚೆಂದರೆ ಕಸಿದುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ಟಿಳಕವಾಡಿ_ಮೂರನೇ_ಗೇಟ್

ಎಲ್ಲಾರ ಉಪಕಾರ. ಬರೂದು ಒಂದ ಉಳೀತು. ಫೆಬ್ರುವರಿ 14ಕ್ಕ ಬೆಳಗಾವ್ಯಾಗ ಲಗ್ನ ಐತಿ, ಮುಂಜಾನೆ ಅಕ್ಕಿಕಾಳು. ಅಲ್ಲಿಂದ 12ರ ಸಂಜೀಕ ಬಿಟ್ರ ಸಾಕಲ್ಲ?

ಘಟಪ್ರಭಾ_ದಂಡಿ (ಬಾಗಲಕೋಟಿ)

ಸಾಲಂಗಿಲ್ರಿ. 12ರ ರಾತ್ರಿ ಎಂಟೂವರೆ ಅಂದ್ರ ನಮ್ಮಲ್ಲಿ ಆಗಲೇ 13ರ ಬೆಳಿಗ್ಗೆ 10. ಬೆಂಗಳೂರಿಗೆ ನೇರ ವಿಮಾನ ಸಿಕ್ಕರೂ ಅದಕ್ಕ 17 ತಾಸು ಕೂಡಸ್ರಿ: 14ರ ನಸುಕಿನ 3ಕ್ಕ ಬೆಂಗಳೂರು. ಇಮಿಗ್ರೇಷನ್, ಬ್ಯಾಗು ಮುಗಿಸಿ ಬೆಳಗಾವಿ ವಿಮಾನ ಹಿಡದು ಸಾಂಬ್ರಾದಾಗ ಇಳಿಯೂದ್ರಾಗ ಅಕ್ಕಿಕಾಳು ಬಿದ್ದಿರ್ತಾವ, ಊಟದ ಪಂಕ್ತಿ ಸಿಗಬಹುದು. ಅಲ್ಲೇ ಒಂದು ನಿದ್ದಿ ಕೆಡೂದು ಬ್ಯಾರೆ. 10ಕ್ಕ ಬಿಡಸ್ರಿ, 12ಕ್ಕ ಮನಿಯಾಗಿರ್ತಾರ.